ಸನ್ಮಾನದ ತಟ್ಟೆ ಹಿಡಿಯುತ್ತಿದ್ದ ಕೆಂಚಯ್ಯ

ನಮ್ಮ ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ತಪ್ಪೆಲ್ಲ ಅದರ ತಲೆಗೆ ಹೋಗಿ ನಾನು ಆರಾಮವಾಗಿ ತಪ್ಪಿಸಿಕೊಂಡುಬಿಡುತ್ತೇನೆ. ರಾಮನಗರದಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಅದರದೊಂದು ಸ್ನಾತಕೋತ್ತರ ಕೇಂದ್ರವಿದೆ, ನಾನು ಅಲ್ಲಿ ಇತಿಹಾಸ ಪಾಠ ಮಾಡುತ್ತೇನೆ ಎಂದಷ್ಟು ತಿಳಿದರೆ ಸಾಕು. ನನ್ನ ಹೆಸರು ಶಾಲಿನಿ. ಹನ್ನೊಂದು ವರ್ಷದಿಂದ ಉಪನ್ಯಾಸ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳ ಸಂಚಾಲಕಿ. ಹೊತ್ತಿಗೆ ಸರಿಯಾಗಿ ಶುರುಮಾಡಿ ಹೊತ್ತಿಗೆ ಸರಿಯಾಗಿ ಮುಗಿಸುವವಳು ಅಂತ ಹೆಸರು ಬೇರೆ ಮಾಡಿದ್ದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಆ ಹೆಸರಿನಲ್ಲಿ ಮುಕ್ಕಾಲು ಪಾಲು ಕೆಂಚಯ್ಯನವರದು. ಸಭಾಂಗಣದ ಬಾಗಿಲು ತೆಗೆಯುವುದು, ಕುರ್ಚಿ ಒರೆಸುವುದು, ಮೈಕಿಗೆ ಎರಡು ಸಲ ಉಫ್ ಅಂತ ಊದಿ ನೋಡುವುದು, ದೀಪದ ಬತ್ತಿಗೆ ಕರ್ಪೂರದ ಚೂರು ಸಿಕ್ಕಿಸುವುದು, ಎಲ್ಲ ಅವರೇ. ಮುಖ್ಯ ಅತಿಥಿ ಬೆಂಕಿಕಡ್ಡಿ ಗೀರಿದ ಮೊದಲ ಸಲಕ್ಕೇ ದೀಪ ಹತ್ತಿಕೊಳ್ಳಬೇಕು, ಇಲ್ಲವಾದರೆ ಆ ದಿನ ಪೂರ್ತಿ ಅವರ ಮುಖ ಸಣ್ಣಗಾಗಿರುತ್ತಿತ್ತು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದರು. ಮೊದಲು ದಿನಗೂಲಿ, ಆಮೇಲೆ ಹೊರಗುತ್ತಿಗೆ. ಖಾಯಂ ಆಗಲೇ ಇಲ್ಲ. ಗುತ್ತಿಗೆದಾರರು ಬದಲಾದರು, ನಿರ್ದೇಶಕರು ಬದಲಾದರು, ಕೆಂಚಯ್ಯ ಮಾತ್ರ ಅದೇ ಬಾಗಿಲಲ್ಲಿ ನಿಂತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ಎದುರಿಗೆ ಹೋಗು, ಬಾ ಅನ್ನುತ್ತಿದ್ದೆ. ಬರೆಯುವಾಗ ಮಾತ್ರ ಮರ್ಯಾದೆ ಕೊಡುತ್ತಿದ್ದೇನೆ.

ಅವರ ದೊಡ್ಡ ಕೆಲಸವೆಂದರೆ ಸನ್ಮಾನದ ತಟ್ಟೆ. ಉಪನ್ಯಾಸ ಚೆನ್ನಾಗಿರಲಿ ಬಿಡಲಿ, ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ತಪ್ಪುವಂತಿಲ್ಲ. ಒಂದು ಹಿತ್ತಾಳೆ ತಟ್ಟೆಯಲ್ಲಿ ಶಾಲನ್ನು ಮಡಿಕೆ ಮೇಲಾಗಿಟ್ಟು, ಅದರ ಮೇಲೆ ಪೇಟ, ಪಕ್ಕದಲ್ಲಿ ಹಾರ ಜೋಡಿಸಿ, ವೇದಿಕೆಯ ಎಡ ಮೂಲೆಯಲ್ಲಿ ಕೆಂಚಯ್ಯ ನಿಲ್ಲುತ್ತಿದ್ದರು. ನಿರೂಪಕಿ ಹೆಸರು ಕರೆದ ಕೂಡಲೇ ನಾಲ್ಕು ಹೆಜ್ಜೆ ಮುಂದೆ ಬಂದು ತಟ್ಟೆ ಒಡ್ಡಿ, ಫೋಟೋ ಮುಗಿಯುವ ತನಕ ತಲೆ ತಗ್ಗಿಸಿ ನಿಂತು, ಖಾಲಿ ತಟ್ಟೆಯೊಂದಿಗೆ ಹಿಂದಕ್ಕೆ ಸರಿಯುತ್ತಿದ್ದರು. ನಮ್ಮ ಆಲ್ಬಮ್ಮುಗಳಲ್ಲಿ ಅವರ ಕೈಯಿರದ ಸನ್ಮಾನದ ಫೋಟೋ ಒಂದೂ ಸಿಗುವುದಿಲ್ಲ. ಮುಖವಿರುವ ಫೋಟೋವೂ ಸಿಗುವುದಿಲ್ಲ.

ತಟ್ಟೆ ಇಟ್ಟ ಮೇಲೆ ಅವರು ಪಕ್ಕದ ಬಾಗಿಲ ಹತ್ತಿರ ನೀರಿನ ಜಗ್ಗು ಹಿಡಿದು ನಿಂತು ಪೂರ್ತಿ ಉಪನ್ಯಾಸ ಕೇಳುತ್ತಿದ್ದರು. ನಮ್ಮ ಅಧ್ಯಾಪಕರೇ ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ಉಜ್ಜುವಾಗ ಇವರೊಬ್ಬರು ಕಿವಿಗೊಟ್ಟು ನಿಂತಿರುತ್ತಿದ್ದರು. ಮಾರನೆಯ ಬೆಳಿಗ್ಗೆ ನನ್ನ ಟೇಬಲ್ಲಿಗೆ ಟೀ ತಂದಿಟ್ಟು ತೀರ್ಪು ಕೊಡುವುದು ರೂಢಿ.

"ನೆನ್ನೆ ಬಂದಿದ್ದ ಸಾಹೇಬ್ರು ನೀರು ಜಾಸ್ತಿ ಕುಡುದ್ರು ಮೇಡಂ. ವಿಸ್ಯ ಒಸಿ ಕಮ್ಮಿ ಇತ್ತು."

ನಾನು ನಗುತ್ತಿದ್ದೆ. ಹೆಚ್ಚಿನ ಸಲ ಆ ತೀರ್ಪು ಸರಿಯೇ ಇರುತ್ತಿತ್ತು.

ಆಗಬಾರದ್ದು ಆದದ್ದು ಒಂದು ಫೆಬ್ರವರಿ ತಿಂಗಳಲ್ಲಿ, ರೇಷ್ಮೆಯ ಇತಿಹಾಸದ ಬಗೆಗಿನ ಉಪನ್ಯಾಸದ ದಿನ. ದೂರದ ಊರಿನಿಂದ ಹೆಸರಾಂತ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ಮುಂದಿನ ಸಾಲಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿ, ಈಗ ಆಹಾರ ಇಲಾಖೆಯಲ್ಲಿ ಅಧಿಕಾರಿಯಾಗಿರುವ ಅನಂತರಾಜು ಕೂತಿದ್ದರು. ಪ್ರಶ್ನೋತ್ತರಕ್ಕೆ ಹತ್ತು ನಿಮಿಷ ಇಟ್ಟಿದ್ದೆ. ಇಟ್ಟಿದ್ದೆ ಅಂದರೆ, ಮೂರು ಪ್ರಶ್ನೆಗಳನ್ನು ನಾನೇ ಬರೆದು ಮೂವರು ವಿದ್ಯಾರ್ಥಿಗಳಿಗೆ ಚೀಟಿ ಹಂಚಿದ್ದೆ. ಯಾರೂ ಏನೂ ಕೇಳದಿದ್ದರೆ ಅತಿಥಿಗೆ ಬೇಜಾರು, ಕೇಳಬಾರದ್ದನ್ನು ಕೇಳಿದರೆ ನಮಗೆ ಬೇಜಾರು. ಈ ಚೀಟಿ ಪದ್ಧತಿ ಎಲ್ಲ ಕಡೆಯೂ ಇದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ.

ಪ್ರಾಧ್ಯಾಪಕರು ಕೊನೆಗೆ ಒಂದು ಚಿತ್ರ ತೋರಿಸಿದರು. ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಕುದಿಯುವ ನೀರಿನ ತೊಟ್ಟಿ, ಅದರಲ್ಲಿ ತೇಲುವ ರೇಷ್ಮೆಗೂಡು, ಗೂಡಿನ ಎಳೆ ಹುಡುಕುತ್ತಿರುವ ಒಬ್ಬ ಹೆಂಗಸಿನ ಎರಡು ಕೈ. "ರೇಷ್ಮೆಯ ನಿಜವಾದ ಇತಿಹಾಸ ಈ ಕೈಗಳಲ್ಲಿದೆ" ಎಂದರು. ಜೋರು ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಎರಡು ಚೀಟಿಗಳು ಸರಿಯಾಗಿ ಓದಿಸಿಕೊಂಡವು. ಮೂರನೆಯ ಚೀಟಿಯ ಹುಡುಗಿ ಬಂದಿರಲಿಲ್ಲ. "ಇನ್ನು ಯಾರಾದರೂ?" ಅಂತ ಬಾಯಿಮಾತಿಗೆ ಕೇಳಿದೆ. ಪಕ್ಕದ ಬಾಗಿಲಲ್ಲಿ ಒಂದು ಕೈ ಮೇಲೆದ್ದಿತು. ಇನ್ನೊಂದು ಕೈಯಲ್ಲಿ ಜಗ್ಗು.

"ಸಾ, ನಂದೊಂದು ಐತೆ. ಆ ಕೈ ಪೋಟ ತೋರುಸುದ್ರಲ್ಲ, ಅದ್ರ ಬಗ್ಗೆ..."

ಪ್ರಾಧ್ಯಾಪಕರು ಅವರತ್ತ ತಿರುಗಿದರು. ಉತ್ತರ ಹೇಳಲು ಸಿದ್ಧರೂ ಆಗಿದ್ದರು. ನಾನು ಬಿಡಲಿಲ್ಲ. ಗಡಿಯಾರ ನೋಡಿದೆ, ನಾಲ್ಕು ನಿಮಿಷ ಉಳಿದಿತ್ತು. ಹೊತ್ತಿನ ನೆವ ಹೇಳುವ ಹಾಗೂ ಇರಲಿಲ್ಲ. ಜಗ್ಗು ಹಿಡಿದವನು ನನ್ನ ಸಭೆಯಲ್ಲಿ, ಅಂಥ ದೊಡ್ಡವರ ಮುಂದೆ ಬಾಯಿ ತೆರೆದನಲ್ಲ ಎಂಬ ಸಿಟ್ಟು, ಅಷ್ಟೇ. ಮೈಕು ಬಾಯಿಯ ಹತ್ತಿರವೇ ಇತ್ತು.

"ಕೆಂಚಯ್ಯ, ಇತಿಹಾಸ ನಾವು ನೋಡ್ಕೋತೀವಿ. ನೀನು ಹೋಗಿ ಕಾಫಿ ನೋಡು."

ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿ ಅನಂತರಾಜು ಕೂಡ ನಕ್ಕರು. ಮಾತು ಚುರುಕಾಗಿತ್ತು ಅಂತ ನನಗೆ ಖುಷಿಯೇ ಆಯಿತು. ಕೆಂಚಯ್ಯ ಕೈ ಇಳಿಸಿ, "ಆಯ್ತು ಮೇಡಂ" ಎಂದು ಹೊರಟರು. ಕಾಫಿ ಹೊತ್ತಿಗೆ ಸರಿಯಾಗಿ ಬಂತು.

ಮಾರನೆಯ ದಿನ ಟೀ ಬಂತು, ತೀರ್ಪು ಬರಲಿಲ್ಲ. ಮುಂದಿನ ಉಪನ್ಯಾಸಕ್ಕೆ ತಟ್ಟೆ ಹಿಡಿದರು, ನೀರಿಟ್ಟರು, ಪಕ್ಕದ ಬಾಗಿಲು ಎಳೆದುಕೊಂಡು ಆಚೆ ಹೋಗಿ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತರು. ಅದಾದ ಮೇಲೆ ಅವರು ಒಂದು ಉಪನ್ಯಾಸವನ್ನೂ ಕೇಳಲಿಲ್ಲ. ಬಿಗುಮಾನ ನೋಡು ಇವನಿಗೆ ಎಂದುಕೊಂಡೆ. ಒಂದೆರಡು ತಿಂಗಳು ಹೋದ ಮೇಲೆ ಅದು ನನ್ನನ್ನೇ ಕೊರೆಯತೊಡಗಿತು. ಅವರನ್ನು ಕರೆದು, "ಅವತ್ತು ಏನು ಕೇಳಬೇಕೂಂತಿದ್ದೆ?" ಅಂದಿದ್ದರೆ ಆಗುತ್ತಿತ್ತು. ಮೂರು ಪದದ ಮಾತು. ಹದಿನಾರು ತಿಂಗಳು ಅದು ನನ್ನ ಬಾಯಿಂದ ಹೊರಡಲಿಲ್ಲ.

ಹಾಗಿರುವಾಗ ಅವರಿಗೆ ಅರುವತ್ತು ತುಂಬಿತು. ಹೊರಗುತ್ತಿಗೆಯವರಿಗೆ ಬೀಳ್ಕೊಡುಗೆ ಮಾಡುವ ಕ್ರಮ ನಮ್ಮಲ್ಲಿಲ್ಲ. ಒಂದು ದಿನ ಬರುತ್ತಾರೆ, ಮಾರನೆಯ ದಿನ ಬರುವುದಿಲ್ಲ. ನಾನು ನಿರ್ದೇಶಕರಾದ ಯೋಗಾನಂದ ಅವರ ಕೋಣೆಗೆ ಹೋಗಿ ಹಟ ಹಿಡಿದೆ. ವಾರ್ಷಿಕ ಸಾಂಸ್ಕೃತಿಕ ಉತ್ಸವದ ವೇದಿಕೆಯಲ್ಲೇ ಕೆಂಚಯ್ಯನಿಗೆ ಸನ್ಮಾನವಾಗಬೇಕು, ಹೆಂಡತಿಯನ್ನೂ ಕರೆಸಿ ಇಬ್ಬರನ್ನೂ ಕೂರಿಸಬೇಕು ಎಂದೆ. ಯೋಗಾನಂದರು ಒಪ್ಪಿದರು. ಒಂದು ಶಾಲು ಹೊದಿಸಿ ಹಳೆಯ ಲೆಕ್ಕ ಚುಕ್ತಾ ಮಾಡಬಹುದೆಂದು ನಾನು ನಂಬಿದ್ದೆ. ಭಾಷಣವನ್ನೂ ಬರೆದುಕೊಂಡೆ. ಅದರಲ್ಲಿ ಅವತ್ತಿನ ಸುದ್ದಿ ಇರಲಿಲ್ಲ.

ಉತ್ಸವದ ಬೆಳಿಗ್ಗೆ ನನಗೆ ನೂರೆಂಟು ಕೆಲಸ. ಡೊಳ್ಳಿನ ತಂಡ ಚನ್ನಪಟ್ಟಣದಲ್ಲೇ ಇತ್ತು, ಮಾಗಡಿಯಿಂದ ಬರಬೇಕಾದ ಹೂವಿನವನು ಫೋನ್ ಎತ್ತುತ್ತಿರಲಿಲ್ಲ. ಓಡಾಟದ ನಡುವೆ ಕೆಂಚಯ್ಯ ಎದುರಾದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ನಾನು ನಿಲ್ಲದೆ, ಹೋಗುತ್ತಲೇ ಕೇಳಿದೆ.

"ಕೆಂಚಯ್ಯ, ತಟ್ಟೆ ರೆಡಿನಾ?"

"ಈಗ ಜೋಡಿಸ್ತೀನಿ ಮೇಡಂ" ಎಂದರು.

ನಾನು ಏನು ಹೇಳಿದೆ ಎಂಬುದು ಮಧ್ಯಾಹ್ನದವರೆಗೆ ನನ್ನ ತಲೆಗೇ ಹೋಗಲಿಲ್ಲ.

ವೇದಿಕೆಯ ಮೇಲೆ ಮೂರು ಜನ ಅತಿಥಿಗಳಿಗೆ ಸನ್ಮಾನವಾಯಿತು. ಮೂರು ಸಲವೂ ಎಡ ಮೂಲೆಯಿಂದ ತಟ್ಟೆ ಬಂತು, ಹೋಯಿತು. ನಾನು ಕೆಂಚಯ್ಯನ ಮೇಲಿನ ಭಾಷಣ ಓದಿದೆ. ಇಪ್ಪತ್ತಾರು ವರ್ಷದ ನಿಷ್ಠೆ, ತೆರೆಮರೆಯ ದುಡಿಮೆ, ಎಲ್ಲ ಹೇಳಿದೆ. "ಈಗ ನಮ್ಮ ಕೆಂಚಯ್ಯನವರು ವೇದಿಕೆಗೆ ಬರಬೇಕು" ಎಂದೆ. ಅವರು ನಾಲ್ಕು ಹೆಜ್ಜೆ ಮುಂದೆ ಬಂದರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಮಡಿಕೆ ಮೇಲಾಗಿಟ್ಟ ಶಾಲು, ಪೇಟ, ಹಾರ. ಅಭ್ಯಾಸದಂತೆ ತಲೆ ತಗ್ಗಿಸಿ ತಟ್ಟೆ ಒಡ್ಡಿ ನಿಂತರು. ಒಂದು ಗಳಿಗೆಯ ಮೇಲೆ ಅದು ತನ್ನದೇ ಎಂಬುದು ಹೊಳೆದಿರಬೇಕು, ತಟ್ಟೆಯನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿದರು. ಇಡಲು ಜಾಗವಿರಲಿಲ್ಲ. ತೆಗೆದುಕೊಳ್ಳಲು ಯಾರನ್ನೂ ನಾನು ನೇಮಿಸಿರಲಿಲ್ಲ. ಯೋಗಾನಂದರು ಹಾಗೇ ಪೇಟ ತೊಡಿಸಿ ಶಾಲು ಹೊದಿಸಿದರು. ಕೆಂಚಯ್ಯ ತಟ್ಟೆ ಹಿಡಿದುಕೊಂಡೇ ಸನ್ಮಾನ ಮಾಡಿಸಿಕೊಂಡರು. ಸಭೆ ನಕ್ಕಿತು. ಅದೇ ಸಭಾಂಗಣ, ಅದೇ ನಗು.

ನಾನು ತಟ್ಟೆ ಕಿತ್ತುಕೊಳ್ಳಲು ಓಡಿದಾಗ ಹೊತ್ತು ಮೀರಿತ್ತು, ಫೋಟೋ ಆಗಿತ್ತು. ಮುಖ ಮುಚ್ಚಿಕೊಳ್ಳಲು ಜಾಗವಿಲ್ಲದೆ, ವೇದಿಕೆಯಲ್ಲಿ ಕೂತಿದ್ದ ಅವರ ಹೆಂಡತಿ ಮಾರಮ್ಮನ ಕಡೆ ತಿರುಗಿ ಹಣ್ಣಿನ ಬುಟ್ಟಿ ಕೊಟ್ಟು, ಎರಡೂ ಕೈ ಹಿಡಿದುಕೊಂಡೆ. ಬೆರಳ ತುದಿಗಳು ಸವೆದ ಸೋಪಿನ ಚೂರಿನ ಹಾಗೆ ನುಣ್ಣಗಿದ್ದವು. ನನ್ನ ಮುಖದಲ್ಲಿ ಏನು ಕಂಡಿತೋ, ಆಕೆಯೇ ಹೇಳಿದರು.

"ಇಪ್ಪತ್ತೆರಡು ವರ್ಸ ಬಿಸಿನೀರಲ್ಲಿ ಗೂಡು ಬಿಚ್ದೆ ಕಣವ್ವ. ಗೆರೆನೇ ಇಲ್ಲ ನೋಡಿ. ರೇಷನ್ ಅಂಗಡಿ ಮಿಸಿನ್ಗೆ ನನ್ ಬೆಳ್ಳು ಹತ್ತದೇ ಇಲ್ಲ. ತಿಂಗ್ಳೊಳಗೆ ಬೆಳ್ಳು ಕೊಡ್ದಿದ್ರೆ ಹೆಸ್ರು ತೆಗೀತೀವಿ ಅಂದ್ರು. ಅದ್ಕೇ ಇವ್ರು, ನಮ್ಮಲ್ಲಿ ರೇಸ್ಮೆ ವಿಚಾರ ಓದಿರೋ ದೊಡ್ಡೋರು ಬತ್ತಾವ್ರೆ, ಗೆರೆ ತಿರುಗ ಬತ್ತದಾ, ಬೇರೆ ದಾರಿ ಐತಾ ಅಂತ ಕೇಳ್ಕಂಡು ಬತ್ತೀನಿ ಅಂದು ಬಂದಿದ್ರು."

"ಆಮೇಲೆ?" ಎಂದೆ.

"ಕೇಳುದ್ರಂತೆ. ಅಷ್ಟು ಓದಿರೋರ್ಗೂ ಗೊತ್ತಿಲ್ವಂತೆ. ದೊಡ್ಡೋರ್ಗೇ ಗೊತ್ತಿಲ್ಲ ಅಂದ್ಮೇಲೆ ಇನ್ಯಾರ ಕೇಳದು ಅಂತ ನಾನೂ ಸುಮ್ಕಾಗ್ಬುಟ್ಟೆ. ಹೆಸ್ರು ತೆಗುದ್ರು."

ಕೆಂಚಯ್ಯ ಮೂರು ಅಡಿ ದೂರದಲ್ಲಿ ಶಾಲು ಹೊದ್ದು ನಿಂತಿದ್ದರು. ಹೆಂಡತಿಯ ಮಾತು ಕಿವಿಗೆ ಬಿದ್ದಿತ್ತು. ಅವರು ನನ್ನ ಕಡೆ ನೋಡಲಿಲ್ಲ, ಪೇಟ ಸರಿಮಾಡಿಕೊಂಡರು. ನೂರೈವತ್ತು ಜನರ ಮುಂದೆ ನಾನು ಆಡಿದ ಮಾತನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ. ಮಾನ ಹೋದದ್ದು ಅವರದು, ಮುಚ್ಚಿಟ್ಟದ್ದು ನನ್ನ ತಪ್ಪು. ಇಲ್ಲ ಮಾರಮ್ಮ, ಅವರು ಕೇಳಲೇ ಇಲ್ಲ, ನಾನು ಕೇಳಗೊಡಲಿಲ್ಲ ಎಂದು ಆಗ ಹೇಳಬೇಕಿತ್ತು. "ಛೆ, ಪಾಪ" ಎಂದೆ.

ಸಂಜೆ ಆಹಾರ ಇಲಾಖೆಯ ಅನಂತರಾಜುಗೆ ಫೋನ್ ಮಾಡಿ, ಕೆಂಚಯ್ಯ ಅವತ್ತು ಕೇಳಬೇಕೆಂದಿದ್ದುದನ್ನು ಹೇಳಿದೆ.

"ಬೆರಳು ಬರದಿದ್ರೆ ಕಣ್ಣು ಸ್ಕ್ಯಾನ್ ಮಾಡಿ ಮಾಡ್ಬೋದಲ್ಲ ಮೇಡಂ. ರಾಮನಗರದಲ್ಲಿ ಅಂಥೋರು ಬೇಜಾನ್ ಇದಾರೆ" ಎಂದರು. "ಅವತ್ತು ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಕೇಳಿದ್ರೆ ಕೂತಲ್ಲೇ ಹೇಳ್ತಿದ್ದೆ. ಈಗ ಹೆಸ್ರು ಹೋಗಿದೆ ಅಂದ್ರೆ ಹೊಸದಾಗಿ ಸೇರಿಸ್ಬೇಕು. ಹಿಂದಿಂದೆಲ್ಲ ಹೋದ ಹಾಗೇನೆ."

ನಾಲ್ಕು ನಿಮಿಷ ಉಳಿದಿತ್ತು. ಉತ್ತರಕ್ಕೆ ಒಂದು ನಿಮಿಷ ಸಾಕಾಗಿತ್ತು. ಆ ಹದಿನಾರು ತಿಂಗಳಲ್ಲಿ ಮಾರಮ್ಮನ ಪಾಲಿನ ಅಕ್ಕಿ ಹೋಯಿತು, ಊರಿನ ಹೆಂಗಸರಿಗೆಲ್ಲ ತಿಂಗಳು ತಿಂಗಳು ಬರುವ ಸರ್ಕಾರದ ದುಡ್ಡು ಆಕೆಗೊಬ್ಬಳಿಗೆ ಬರಲಿಲ್ಲ. ಆಧಾರ್ ಇದ್ದೂ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದೆ ಆಕೆ ಮನೆಯಲ್ಲಿ ಕೂತರು.

ಮರುವಾರ ಇಬ್ಬರನ್ನೂ ನನ್ನ ಕಾರಿನಲ್ಲಿ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದ ಸಾನಾ ಎಂಬ ಹುಡುಗಿ ಚುರುಕಿನವಳು. ದುರ್ಬೀನಿನಂಥ ಯಂತ್ರ ಕೊಟ್ಟು, "ಕಣ್ಣು ದೊಡ್ಡದು ಮಾಡಿ ಅಮ್ಮಾ, ಮಿಟುಕಿಸ್ಬೇಡಿ" ಎಂದಳು. ಮಾರಮ್ಮ ಉಸಿರು ಬಿಗಿಹಿಡಿದು ನೋಡಿದರು. ಹಸಿರು ಗುರುತು ಬಂತು. ಐದು ನಿಮಿಷವೂ ಆಗಿರಲಿಲ್ಲ.

ಸಾನಾ ಅರ್ಜಿ ತುಂಬುತ್ತ, "ಹೆಸ್ರು ತೆಗೆದು ವರ್ಷದ ಮೇಲಾಗಿದೆಯಲ್ಲ, ಯಾಕೆ ಇಷ್ಟು ದಿನ ಬರ್ಲಿಲ್ಲ?" ಎಂದು ಕೇಳಿದಳು.

ಮಾರಮ್ಮ ಗಂಡನ ಮುಖ ನೋಡಿದರು. ನಾನು ಅವರಿಬ್ಬರ ನಡುವೆ ನಿಂತಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಗಲು ಸಭೆಯಿರಲಿಲ್ಲ, ಮುಗಿಸಲು ಕಾರ್ಯಕ್ರಮವಿರಲಿಲ್ಲ.

"ನಂಗೇ ಪುರುಸೊತ್ತಾಗ್ಲಿಲ್ಲ ಕಣವ್ವ. ಕಾಲೇಜ್ನಲ್ಲಿ ಫಂಕ್ಸನ್ನು ಜಾಸ್ತಿ" ಎಂದರು ಕೆಂಚಯ್ಯ.

ಮಾರಮ್ಮ, "ಈ ಮೇಡಂ ಸಿಕ್ಕುದ್ರಲ್ಲ, ಪುಣ್ಯ" ಎಂದು ನನ್ನ ಕೈ ಹಿಡಿದರು. ನಾನು ಬಿಡಿಸಿಕೊಳ್ಳಲಿಲ್ಲ, ಬಾಯಿಯೂ ಬಿಡಲಿಲ್ಲ.

ಈಗ ಎಲ್ಲವನ್ನೂ ಒಂದನ್ನೂ ಮುಚ್ಚದೆ ಬರೆದಿದ್ದೇನೆ. ಇದಕ್ಕೆ ಧೈರ್ಯ ಬೇಕಾಯಿತು ಅಂತ ಯಾರಾದರೂ ಹೊಗಳಿಯಾರು ಎಂದು ಇದನ್ನೂ ಹೇಳಿಬಿಡುತ್ತೇನೆ: ಮಾರಮ್ಮನಿಗೆ ಓದಲು ಬರುವುದಿಲ್ಲ.