ಅಕ್ಕ ಕೇಳಿದ ಕೊಸರು

ಡೊಂಬಿವಲಿಯಲ್ಲಿ ನನ್ನ ಅಕ್ಕ-ಭಾವನದೊಂದು ಉಡುಪಿ ಹೋಟೆಲ್ ಉಂಟು. ಭಾವ ಒಳಗೆ ಅಡುಗೆಮನೆ ನೋಡಿಕೊಂಡರೆ ಗಲ್ಲಾದಲ್ಲಿ ಕೂರುವವಳು ಅಕ್ಕ. ವಾಶಿಯಲ್ಲಿ ನೌಕರಿ ಮಾಡುವ ನಾನು ಅವರ ಜೊತೆಯಲ್ಲೇ ಇದ್ದೇನೆ. ನನಗಿರುವ ಒಂದೇ ಹುಚ್ಚು ಕಾರಿನದು. ಹಳೆಯ ಕಾರೊಂದನ್ನು ಕೊಂಡು, ಊರಾಚೆ ಖಾಸಗಿ ಟ್ರ್ಯಾಕಿನಲ್ಲಿ ಆಗೀಗ ನಡೆಯುವ ಪಂದ್ಯಗಳಿಗೆ ಸಿದ್ಧಮಾಡಿದ್ದೆ. ಡಿಕ್ಕಿಯಲ್ಲಿ ನೈಟ್ರಸ್ ಬಾಟ್ಲಿ ಕೂರಿಸಿದ್ದೂ ಅದಕ್ಕೇ. ಓಟದ ನಡುವೆ ಗುಂಡಿ ಒತ್ತಿದರೆ ಆ ಗ್ಯಾಸು ಎಂಜಿನ್ನಿಗೆ ನುಗ್ಗಿ, ಪೆಟ್ರೋಲು ಇನ್ನಷ್ಟು ಜೋರಾಗಿ ಉರಿದು, ಕಾರು ಕೆಲವು ಕ್ಷಣ ಹಾರಿದ ಹಾಗೆ ಓಡುತ್ತದೆ.

ಖಾಲಿ ಬಾಟ್ಲಿ ತುಂಬಿಸುವಾಗ ಅದು ತಣ್ಣಗಿರಬೇಕು. ದೊಡ್ಡ ಸಿಲಿಂಡರಿನಲ್ಲಿರುವ ದ್ರವ ತಣ್ಣನೆಯ ಬಾಟ್ಲಿಗೆ ಸಲೀಸಾಗಿ ಇಳಿಯುತ್ತದೆ. ಬಿಸಿ ಬಾಟ್ಲಿಯಾದರೆ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಕಳೆದ ಬೇಸಿಗೆಯಲ್ಲಿ ಬಾಟ್ಲಿಯನ್ನು ಚೆನ್ನಾಗಿ ಒರೆಸಿ, ಗೋಣಿಯಲ್ಲಿ ಸುತ್ತಿ, ಹೋಟೆಲಿನ ಹಳೆಯ ಐಸ್‌ಕ್ರೀಮ್ ಫ್ರೀಜರಿನಲ್ಲಿ ಇಟ್ಟೆ. ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಅಡುಗೆ ಭಟ್ಟರು ಮುಚ್ಚಳ ತೆಗೆದವರೇ ಕೂಗಿಕೊಂಡರು.

"ಅಕ್ಕಾ, ಫ್ರೀಜರಿನಲ್ಲಿ ಯಾರೋ ಬಾಂಬು ಇಟ್ಟಿದ್ದಾರೆ!"

ಅಕ್ಕ ಬಂದು ಇಣುಕಿದಳು. "ಬಾಂಬಲ್ಲ ಭಟ್ರೇ, ನನ್ನ ತಮ್ಮನ ಮರುಳು" ಎಂದು ಗೋಣಿಯನ್ನು ಮತ್ತೆ ಸರಿಯಾಗಿ ಹೊದೆಸಿದಳು. ಆಮೇಲೆ ನನ್ನ ಕಡೆ ತಿರುಗಿ, "ತುಂಬಿಸಲಿಕ್ಕೆ ನಾನೂ ಬರ್ತೇನೆ. ನಿನಗೆ ವ್ಯಾಪಾರ ಮಾಡ್ಲಿಕ್ಕೆ ಬರೂದಿಲ್ಲ" ಎಂದಳು.

ಉಲ್ಹಾಸನಗರದ ಅಂಗಡಿಯವನು ಬಾಟ್ಲಿಯನ್ನು ತಕ್ಕಡಿಯ ಮೇಲಿಟ್ಟು, ಪೈಪು ಜೋಡಿಸಿ, ವಾಲ್ವು ತಿರುಗಿಸಿದ. ಹಿಡಿಸಬೇಕಾದ ನಾಲ್ಕೂವರೆ ಕಿಲೋ ತುಂಬಿತು. ಅವನು ವಾಲ್ವು ಮುಚ್ಚುವುದಕ್ಕೂ ಅಕ್ಕ ಬಾಯಿ ಹಾಕುವುದಕ್ಕೂ ಸರಿಹೋಯಿತು.

"ಭೈಯಾ, ಇಷ್ಟು ದೂರದಿಂದ ಬಂದಿದ್ದೇವೆ. ಸ್ವಲ್ಪ ಮೇಲೆ ಹಾಕು."

"ಅಕ್ಕಾ, ಇದಕ್ಕೆಲ್ಲ ಕೊಸರು ಕೇಳೂದಿಲ್ಲ" ಎಂದೆ.

"ನೀನು ಸುಮ್ನಿರು ಮಾರಾಯ. ಕೊತ್ತಂಬರಿಗೆ ಕೇಳ್ತೇವೆ, ಗ್ಯಾಸಿಗೆ ಯಾಕೆ ಕೇಳ್ಬಾರ್ದು?"

ಅಂಗಡಿಯವನಿಗೂ ಹುರುಪು ಬಂತು. "ದೀದಿ ಮೊದಲ ಸಲ ಬಂದಿದ್ದಾರೆ, ಇಲ್ಲ ಅನ್ನಲಾ?" ಎಂದು ಇನ್ನೊಂದಿಷ್ಟು ಇಳಿಸಿದ. ಒತ್ತಡದ ಮುಳ್ಳು ಕೆಳಗೇ ಇತ್ತು. ಬಾಟ್ಲಿ ಫ್ರೀಜರಿನಿಂದ ಬಂದದ್ದು, ಮುಳ್ಳು ಏಳುವುದಾದರೂ ಹೇಗೆ?

ಬಾಟ್ಲಿಯನ್ನು ಮತ್ತೆ ಡಿಕ್ಕಿಯಲ್ಲಿ ಕೂರಿಸಿ ವಾಪಸು ಬಂದು, ಮಧ್ಯಾಹ್ನ ಹೋಟೆಲಿನೆದುರು ಸುಡುಬಿಸಿಲಿನಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಕೂತಿದ್ದೆವು. ಸಾರು ಬಡಿಸಿಕೊಳ್ಳುವಷ್ಟರಲ್ಲಿ ಹೊರಗೆ 'ಢಬ್' ಅಂತ ಸದ್ದು, ಅದರ ಹಿಂದೆಯೇ ಭುಸ್ಸೆಂಬ ಶಬ್ದ. ಕಾರಿನ ಅಡಿಯಿಂದ ಬೆಳ್ಳಗಿನ ಹೊಗೆ ರಸ್ತೆ ತುಂಬ ಹಬ್ಬುತ್ತಿತ್ತು. ಕೆಮಿಕಲ್ ಕಾರ್ಖಾನೆಗಳ ಪಕ್ಕದಲ್ಲಿ ಬಾಳುವ ಊರಿಗೆ ಅಷ್ಟು ಸಾಕು. ಗಿರಾಕಿಗಳು ದೋಸೆ ಬಿಟ್ಟು ಹಿಂಬಾಗಿಲಿಗೆ ಓಡಿದರು. ಒಬ್ಬರು ಮಾತ್ರ ಕಾಫಿ ಲೋಟ ಕೈಯಲ್ಲೇ ಹಿಡಿದು, ಚೆಲ್ಲದ ಹಾಗೆ ಓಡಿದರು.

"ಏನೂ ಆಗಿಲ್ಲ! ಬೆಂಕಿ ಹತ್ತುವ ಗ್ಯಾಸಲ್ಲ! ದೂರ ನಿಂತರೆ ಸಾಕು!" ಎಂದು ನಾನು ಮೂರು ಭಾಷೆಯಲ್ಲಿ ಕೂಗುತ್ತಿದ್ದೆ.

ಆದದ್ದು ಇಷ್ಟೇ. ಬಿಸಿಲಿಗೆ ಒಳಗಿನ ದ್ರವ ಹಿಗ್ಗಿತು, ಹಿಗ್ಗಲು ಜಾಗವಿರಲಿಲ್ಲ. ಬಾಟ್ಲಿಯೇ ಸಿಡಿಯದಿರಲೆಂದು ಅದರ ಕುತ್ತಿಗೆಯಲ್ಲಿ ತೆಳುವಾದ ಲೋಹದ ಬಿಲ್ಲೆಯೊಂದು ಇರುತ್ತದೆ. ಅದು ಹರಿದು, ಗ್ಯಾಸೆಲ್ಲ ಅದಕ್ಕೆಂದೇ ಕಾರಿನ ಅಡಿಗೆ ಇಳಿಸಿದ್ದ ಪೈಪಿನ ಮೂಲಕ ಆಚೆ ಹೋಯಿತು. ಗಾಳಿ ತಿಳಿಯಾದ ಮೇಲೆ ಅಕ್ಕ ಸೊಂಟಕ್ಕೆ ಕೈಕೊಟ್ಟು ಕಾರನ್ನೇ ನೋಡುತ್ತ ನಿಂತಳು.

"ಕೊಸರು ಹೋಗ್ಲಿ, ಅಸಲೂ ಹೋಯ್ತಲ್ಲನಾ!"

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ. ವಾಪಸು ಬಂದ ಗಿರಾಕಿಗಳಿಗೆಲ್ಲ ಭಾವ ಹೊಸ ದೋಸೆ ಹುಯ್ದು ಕೊಟ್ಟರು.

ಮುಂದಿನ ಸಲ ಅಂಬರನಾಥಕ್ಕೆ ಹೋದೆವು. ಅಕ್ಕನಿಗೆ ಶಿವನ ಗುಡಿಯೂ ಆಗುತ್ತದೆ, ನನಗೆ ಬಾಟ್ಲಿಯೂ ಆಗುತ್ತದೆ. ಅಲ್ಲಿಯ ಅಂಗಡಿ ನಡೆಸುತ್ತಿದ್ದವಳು ನಮ್ಮ ಪ್ರಾಯದ ಮರಾಠಿ ಹೆಂಗಸು. ಮೊದಲು ಹೊಸ ಬಿಲ್ಲೆ ಕೂರಿಸಿದಳು. ಬಾಟ್ಲಿಯ ಮೇಲೆ ಕೊರೆದ ಖಾಲಿ ತೂಕ ಓದಿ, ತಕ್ಕಡಿಯಲ್ಲಿಟ್ಟು ತಾಳೆ ನೋಡಿದಳು. ಪೈಪಿನೊಳಗಿನ ಗಾಳಿಯನ್ನು ಒಂದಿಷ್ಟು ಹೊರಬಿಟ್ಟಮೇಲೇ ತುಂಬಲು ಶುರುಮಾಡಿದಳು. ಮುಳ್ಳಿನ ಕಡೆ ನೋಡಲೇ ಇಲ್ಲ. ಕಣ್ಣೆಲ್ಲ ತಕ್ಕಡಿಯ ಮೇಲೆ. ಅಕ್ಕನೂ ಪಕ್ಕದಲ್ಲಿ ಬಗ್ಗಿ ನಿಂತು ತಕ್ಕಡಿಯನ್ನೇ ದಿಟ್ಟಿಸುತ್ತಿದ್ದಳು. ಕೊನೆಗೆ ತೂಕ ಒಂದು ಚೂರು ಮೀರಿತು. ಹೆಂಗಸು ವಾಲ್ವು ಸಡಿಲಿಸಿ ಮಿಕ್ಕಿದ್ದನ್ನು ಹೊರಗೆ ಬಿಡತೊಡಗಿದಳು.

"ಅಯ್ಯೋ, ಅಷ್ಟೂ ಬಿಡಲೇಬೇಕಾ?" ಅಕ್ಕನ ದನಿಯಲ್ಲಿ ನಿಜವಾದ ಸಂಕಟವಿತ್ತು.

"ಬಿಡಲೇಬೇಕು ತಾಯಿ. ಅನ್ನದ ಪಾತ್ರೆಗೆ ಕಂಠಪೂರ್ತಿ ಅಕ್ಕಿ ಹಾಕ್ತೀರಾ?"

ಅಕ್ಕ ತಲೆಯಾಡಿಸಿದಳು. ಆ ಮಾತು ಅವಳಿಗೆ ಪೂರ್ತಿ ಹಿಡಿಸಿತು. ಇಬ್ಬರೂ ಅಲ್ಲೇ ಕೂತು ಚಹ ಕುಡಿಯುತ್ತ, ಇಡ್ಲಿ ಅಕ್ಕಿಯ ಬಗ್ಗೆ ಮಾತಿಗಿಳಿದರು. ಬಾಟ್ಲಿಯನ್ನು ನೆರಳಿನಲ್ಲಿಟ್ಟು ನಾನು ಕಾಯುತ್ತ ನಿಂತೆ.

ಪಂದ್ಯಕ್ಕೂ ಅಕ್ಕ ಬಂದಳು. ಗುಂಡಿ ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು, ಮುಂದಿನ ರಸ್ತೆ ನನ್ನ ಮೇಲೇ ಓಡಿಬಂದ ಹಾಗಾಯಿತು. ಪಕ್ಕದ ಸಾಲಿನ ಪನವೇಲಿನ ಹುಡುಗಿ ನನಗಿಂತ ಒಂದು ಕಾರಿನಷ್ಟು ಮುಂದೆಯೇ ಗೆರೆ ದಾಟಿದಳು. ಇಳಿದು ನೋಡಿದರೆ ಅಕ್ಕ ಬೇಲಿಯ ಹತ್ತಿರ ತುಳುವಿನಲ್ಲಿ ಕೂಗಿ ಕೂಗಿ ದನಿ ಕಳೆದುಕೊಂಡಿದ್ದಳು. ಆ ಹುಡುಗಿಯನ್ನು ಕರೆದು, ಕೈ ಹಿಡಿದು, ಡೊಂಬಿವಲಿಗೆ ಬಂದರೆ ಮಸಾಲೆ ದೋಸೆ ತಿಂದೇ ಹೋಗಬೇಕೆಂದು ಒಡೆದ ಗಂಟಲಿನಲ್ಲೇ ಹೇಳಿದಳು.