ವೆಂಡೆಲಿನ್ ನಂಬಿದ ಗಡಿಯಾರ

ಬಾಂಬರ್ಗ್ ಬಳಿಯ ನಮ್ಮ ಊರಿನಲ್ಲಿ ವೆಂಡೆಲಿನ್‌ನಷ್ಟು ಚಡಪಡಿಸುವ ಮನುಷ್ಯನನ್ನು ನಾನು ಕಾಣಲಿಲ್ಲ. ಮನೆಗಳಿಗೆ ಹೆಂಚು ಹೊದಿಸುತ್ತಿದ್ದವನು. ಕೆಲಸ ಬಿಟ್ಟ ಮೇಲೂ ಎಲ್ಲಿಗೇ ಆಗಲಿ ಅರ್ಧ ಗಂಟೆ ಮುಂಚೆ ಹೋಗಿ, ಟೋಪಿ ತಿರುಗಿಸುತ್ತ ನಿಲ್ಲುತ್ತಿದ್ದ. ಅವನು ನಂಬುತ್ತಿದ್ದುದು ಅಡುಗೆಮನೆಯ ರೇಡಿಯೊ ಗಡಿಯಾರವೊಂದನ್ನೇ. ಫ್ರಾಂಕ್‌ಫರ್ಟ್ ಕಡೆಯ ಪ್ರಸಾರ ಕಂಬದಿಂದ ಬರುವ ಅಲೆ ಪ್ರತಿ ಸೆಕೆಂಡಿಗೂ ಒಮ್ಮೆ ಕುಗ್ಗುತ್ತದೆ, ಕೆಲವು ಸಲ ಕ್ಷಣಮಾತ್ರ, ಕೆಲವು ಸಲ ತುಸು ಹೆಚ್ಚು. ಒಂದು ನಿಮಿಷ ಅದನ್ನು ಆಲಿಸಿ ಗಡಿಯಾರವು ಗಂಟೆ, ತಾರೀಖು ಎಲ್ಲವನ್ನೂ ತಿಳಿದುಕೊಳ್ಳುತ್ತದೆ. ಮಾರ್ಚಿನ ಕೊನೆಗೆ ಊರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆಯ ಸಮಯ ಶುರುವಾಯಿತೆಂಬ ಸುದ್ದಿಯೂ ಅದರಲ್ಲೇ ಬರುತ್ತದೆ. ಅಕ್ಟೋಬರಿನಲ್ಲಿ ಒಂದು ಗಂಟೆ ಹಿಂದೆ ಹೋಗಬೇಕಾದಾಗ, ಹಿಂದಕ್ಕೆ ತಿರುಗಲಾರದ ಮುಳ್ಳುಗಳು ಹನ್ನೊಂದು ಗಂಟೆ ಮುಂದಕ್ಕೆ ಓಡುತ್ತವೆಂದು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಆ ವರ್ಷ ಮಾರ್ಚಿನ ಕೊನೆಯ ಭಾನುವಾರ ಅವನ ಚಡಪಡಿಕೆಗೆ ಕಾರಣವೂ ಇತ್ತು. ತಾಯಿಯ ಮನೆ ಮಾರಿದಂದಿನಿಂದ ಮಾತು ಬಿಟ್ಟಿದ್ದ ತಮ್ಮ ಆನ್ಸ್‌ಗಾರ್ ಫೋನು ಮಾಡಿದ್ದ. "ಭಾನುವಾರ ಹತ್ತಕ್ಕೆ ಬಾಂಬರ್ಗಲ್ಲಿ ರೈಲು ಬದಲಾಯಿಸ್ತೀನಿ. ಕಾಲು ಗಂಟೆ ಇರ್ತೀನಿ. ಬರೋದಾದ್ರೆ ಬಾ," ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದ.

ಭಾನುವಾರ ಇಗರ್ಜಿಯ ಗಂಟೆ ಹತ್ತರ ಪೂಜೆಗೆ ಬಾರಿಸುತ್ತಿತ್ತು. ನಾನು ಅವಸರದಿಂದ ಅವನ ಕಿಟಕಿಯ ಮುಂದೆ ಹೋಗುತ್ತಿದ್ದೆ. ಅವನು ಕೋಟು ತೊಟ್ಟು, ನಿಂತೇ ಕಾಫಿ ಕುಡಿಯುತ್ತಿದ್ದ.

"ಏನ್ ಮೇಷ್ಟ್ರೇ, ಗಂಟೆ ಹೊಡೆಯೋ ಅಲೋಯ್ಸ್‌ನ ನೀವೂ ನಂಬಿದ್ರಾ? ಹೋದ ವರ್ಷ ಇಗರ್ಜಿ ಗಡಿಯಾರನ ಎರಡು ಸಲ ಮುಂದಕ್ಕಿಟ್ಟು ಊರನ್ನೆಲ್ಲ ಎಬ್ಬಿಸಿದ್ದ. ಇನ್ನೂ ಒಂಬತ್ತು!"

"ಹತ್ತು ಕಣಯ್ಯ."

"ನನ್ನ ಗಡಿಯಾರ ತಪ್ಪಲ್ಲ."

ಅವನ ಹೆಂಡತಿ ರೋಸ್ವಿತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ನಿನ್ನೆ ಬಣ್ಣ ಬಳಿದ ಮೇಲೆ ಅದನ್ನ ಈ ಪಕ್ಕದ ಗೋಡೆಗೆ ಹಾಕ್ಬಿಟ್ಟೆ. ಇಲ್ಲೇ ಚೆನ್ನಾಗಿ ಕಾಣುತ್ತೆ ಅಂತ ನೀನೇ ಅಂದೆ!"

ವೆಂಡೆಲಿನ್‌ನ ಮುಖ ಬಿಳಿಚಿತು. ಆ ಗಡಿಯಾರದೊಳಗೆ ಅಲೆ ಹಿಡಿಯುವ ಪುಟ್ಟ ಕಡ್ಡಿ ಕಂಬದ ದಿಕ್ಕಿಗೆ ಅಡ್ಡಲಾಗಿದ್ದರೆ ಕೇಳಿಸಿಕೊಳ್ಳುತ್ತದೆ, ತುದಿ ಅತ್ತ ತಿರುಗಿದರೆ ಕಿವುಡಾಗುತ್ತದೆ. ಬೇಸಿಗೆಯ ಸಮಯ ಶುರುವಾದ ರಾತ್ರಿಯ ಸುದ್ದಿ ಅದಕ್ಕೆ ತಲುಪಿಯೇ ಇರಲಿಲ್ಲ.

ಅವನು ಅವಸರದಲ್ಲಿ ಕಾರಿನ ಬಾಗಿಲಿಗೆ ಮನೆಯ ಬೀಗದ ಕೈ ತೂರಿಸುತ್ತಿದ್ದ. ಪೂಜೆ ಬಿಟ್ಟು ಕಾರನ್ನು ನಾನೇ ಓಡಿಸಿದೆ. ದಾರಿಯುದ್ದಕ್ಕೂ, "ಒಂದೇ ಒಂದು ಸಲ ಕರೆದ ಮೇಷ್ಟ್ರೇ, ಒಂದೇ ಸಲ," ಎಂದು ತೊಡೆ ಉಜ್ಜಿಕೊಳ್ಳುತ್ತಿದ್ದ.

ನಿಲ್ದಾಣ ಮುಟ್ಟುವಾಗ ಗಾಡಿ ಹೋಗಿ ಬಹಳ ಹೊತ್ತಾಗಿತ್ತು. ಆದರೆ ಖಾಲಿ ಬೆಂಚಿನ ಮೇಲೆ ಆನ್ಸ್‌ಗಾರ್ ಕುಳಿತಿದ್ದ. ಅಣ್ಣನನ್ನು ಕಂಡೊಡನೆ ಎದ್ದುನಿಂತ.

"ನಿನ್ನ ಗಾಡಿ?"

"ಹತ್ತಿದ್ದೆ. ಬಾಗಿಲು ಮುಚ್ಚೋ ಮೊದಲು ಇಳಿದುಬಿಟ್ಟೆ. ನೀನು ತಡವಾಗಿ ಬಂದದ್ದನ್ನ ನಾನು ಕಂಡೇ ಇಲ್ಲ. ಎಲ್ಲೋ ಕಾರು ಗುದ್ದಿಸ್ಕೊಂಡಿದ್ದಾನೆ ಅಂತ ಜೀವ ಹಾರಿಹೋಯ್ತು."

"ಕೋಪದಿಂದ ಬರ್ಲಿಲ್ಲ ಅಂದ್ಕೊಳ್ಲಿಲ್ವೇನೋ?"

"ಕೋಪ ಇದ್ದಿದ್ರೆ ನೀನು ಇನ್ನೂ ಬೇಗ ಬರ್ತಿದ್ದೆ ಬಿಡು, ಬಯ್ಯೋದಕ್ಕೆ."

ವೆಂಡೆಲಿನ್ ನಕ್ಕು ತಮ್ಮನ ಚೀಲವನ್ನು ಎತ್ತಿಕೊಂಡ. ಆಮೇಲೆ ನಮ್ಮಿಬ್ಬರನ್ನೂ ಹಿಂದೆ ಬಿಟ್ಟು ಸರಸರನೆ ಕಾರಿನ ಕಡೆಗೆ ನಡೆದುಬಿಟ್ಟ.