ಜನರೇಟರ್ ಬಂದ್ ಮಾಡಿದವರು

ದೆವ್ವ, ಗಾಳಿ, ಸತ್ತವರು ಬಂದು ಎಬ್ಬಿಸಿದರು ಎಂಬಂಥ ಮಾತು ಶುರುವಾದರೆ ನಾನು ಎದ್ದು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಹದಿನಾರು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಜೊತೆಯ ಶಿಕ್ಷಕರು ಯಾರಾದರೂ ಇಂಥದ್ದನ್ನು ಹೇಳಿದರೆ, ಆ ಹೊತ್ತಿಗೆ ನಿಮಗೆ ಜ್ವರ ಇತ್ತಾ, ನಿದ್ದೆಗೆಟ್ಟಿದ್ದಿರಾ ಎಂದು ಕೇಳಿ ಅವರ ಮಾತಿನ ರುಚಿ ಕೆಡಿಸುತ್ತಿದ್ದೆ. ನನ್ನನ್ನೂ ಯಾರಾದರೂ ಹಾಗೆ ಕೇಳಿದರೆ ಹೌದು ಎನ್ನಬೇಕಾಗುತ್ತದೆ. ಆ ದಿನಕ್ಕೆ ನಾನು ಎರಡು ರಾತ್ರಿ ಸರಿಯಾಗಿ ಮಲಗಿರಲಿಲ್ಲ, ಉಸಿರಾಡುತ್ತಿದ್ದ ಗಾಳಿಯೂ ಸರಿಯಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನೆಲ್ಲ ಕಳೆದ ಮೇಲೂ ಏನೋ ಒಂದು ಉಳಿಯುತ್ತದೆ.

ನಮ್ಮ ಮನೆ ಸುರಪುರದಲ್ಲಿ. ಆಗ ಮನೆಯಲ್ಲಿ ನಾವು ನಾಲ್ವರು: ನಾನು, ಗುಮಾಸ್ತರಾಗಿರುವ ನನ್ನ ಗಂಡ, ಏಳು ವರ್ಷದ ಮಗಳು ಪಲ್ಲವಿ, ಮತ್ತು ನನ್ನ ಅತ್ತೆ. ಅತ್ತೆ ಮೂವತ್ತು ವರ್ಷ ಹುಣಸಗಿಯಲ್ಲಿ ಖಾನಾವಳಿ ನಡೆಸಿದವರು. ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಬಡಿದು ಶ್ವಾಸಕೋಶ ಕೆಟ್ಟುಹೋಗಿತ್ತು. ಬೀಡಿ ಮುಟ್ಟದ ಹೆಂಗಸಿಗೆ ಇದೆಲ್ಲಿಂದ ಬಂತು ಎಂದರೆ, ಒಲೆಯಿಂದ ಎಂದರು ಡಾಕ್ಟರು. ಕೊನೆಗೆ ಹಾಸಿಗೆ ಹಿಡಿದರು. ಗಾಳಿಯನ್ನು ಎಳೆದುಕೊಂಡು ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರವೊಂದನ್ನು ನಡುಮನೆಯಲ್ಲಿ ಅವರ ಮಂಚದ ಪಕ್ಕ ಇಟ್ಟಿದ್ದೆವು. ಅದರ ಸಣ್ಣ ಕೊಳವೆ ಹಗಲೂ ರಾತ್ರಿ ಅವರ ಮೂಗಿನಲ್ಲಿ. ಐದು ತಿಂಗಳಿಂದ ಅವರು ನೆಲಕ್ಕೆ ಕಾಲಿಟ್ಟಿರಲಿಲ್ಲ. ಮಗ್ಗುಲಾಗಬೇಕಾದರೂ ನಾನು ಹಿಡಿಯಬೇಕಿತ್ತು. ಎರಡು ಶಬ್ದ ಆಡಿ, ನಿಂತು, ಉಸಿರು ಎಳೆದುಕೊಂಡು ಮತ್ತೆ ಎರಡು ಶಬ್ದ ಆಡುತ್ತಿದ್ದರು. ಅಷ್ಟರಲ್ಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ನನ್ನನ್ನು ಟೀಚರಮ್ಮ ಎಂದೇ ಕರೆದರು. ಅದರಲ್ಲಿ ಗೌರವವೇನೂ ಇರಲಿಲ್ಲ. ನನ್ನ ಕೈಯ ರೊಟ್ಟಿ ಅವರಿಗೆ ಎಂದೂ ಸೇರಲಿಲ್ಲ. ನಮ್ಮಿಬ್ಬರ ನಡುವೆ ಪ್ರೀತಿ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಮಾಡಬೇಕಾದ ಕೆಲಸ ಇತ್ತು, ಮಾಡುತ್ತಿದ್ದೆ.

ಆ ಬೇಸಿಗೆಯ ಕೊನೆಗೆ ಬಿರುಗಾಳಿ ಎದ್ದು ನಮ್ಮ ಕಡೆಯ ಕರೆಂಟ್ ಕಂಬಗಳು ಸಾಲಾಗಿ ಉರುಳಿದವು. ಎಂದು ಸರಿಯಾದೀತು ಎಂದು ಯಾರೂ ಹೇಳುವಂತಿರಲಿಲ್ಲ. ಇನ್ವರ್ಟರ್ ಆ ಯಂತ್ರವನ್ನು ಎರಡು ತಾಸು ಎಳೆದು ಕೈಬಿಟ್ಟಿತು. ಗಂಡನ ಚಿಕ್ಕಪ್ಪನ ಮಗ ಬಸವರಾಜ ಶಹಾಪುರದಲ್ಲಿ ಮದುವೆಗಳಿಗೆ ಪೆಂಡಾಲ್ ಹಾಕುತ್ತಾನೆ. ಫೋನ್ ಮಾಡಿದ ಕೂಡಲೇ ಟಂಟಂ ಆಟೊದಲ್ಲಿ ಒಂದು ಸಣ್ಣ ಪೆಟ್ರೋಲ್ ಜನರೇಟರ್ ಹಾಕಿಕೊಂಡು ಬಂದ. ಹಿತ್ತಲಲ್ಲಿ ಇಟ್ಟು, ಮೇಲೆ ತಗಡು ಕಟ್ಟಿ, ಕಿಟಕಿಯಿಂದ ವೈರ್ ಎಳೆದುಕೊಟ್ಟ. ಆಕ್ಸಿಜನ್ ಯಂತ್ರ, ಒಂದು ಫ್ಯಾನ್, ಫೋನು ಇಷ್ಟೇ ಹಚ್ಚಬೇಕು, ಫ್ರಿಜ್ ಬೇಡ, ಮಿಕ್ಸರ್ ಅಂತೂ ಬೇಡವೇ ಬೇಡ ಎಂದ. ಹೊರಟವನು ಅಂಗಳದಿಂದ ತಿರುಗಿ ಬಂದ.

"ವೈನಿ, ಎಷ್ಟರೇ ಮಳಿ ಬರಲಿ, ಇದನ್ನ ಮನಿಯೊಳಗ ಮಾತ್ರ ತರಬ್ಯಾಡ್ರಿ. ಇದರ ಹೊಗಿ ಕೆಟ್ಟದು."

ನನಗೆ ಗೊತ್ತಿಲ್ಲದ ಮಾತಲ್ಲ. ಮುಚ್ಚಿದ ಜಾಗದಲ್ಲಿ ಇಂಧನ ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಯಾವ ಅನಿಲ ಹುಟ್ಟುತ್ತದೆ, ಅದು ರಕ್ತಕ್ಕೆ ಏನು ಮಾಡುತ್ತದೆ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳುವವಳು ನಾನೇ.

ಎರಡು ದಿನ ಹೇಗೋ ಕಳೆದವು. ಓಣಿಯವರು ಫೋನ್ ಚಾರ್ಜ್ ಮಾಡಿಕೊಳ್ಳಲು ಬರುತ್ತಿದ್ದರು. ಪಕ್ಕದ ಮನೆಯ ಶಾಂತಕ್ಕ ಒಮ್ಮೆ ಸಂಕೋಚದಿಂದ ಮಿಕ್ಸರ್ ಹಿಡಿದು ಬಂದಳು. ಇಲ್ಲ ಎನ್ನಲಾಗದೆ ಹಚ್ಚಿಕೊಟ್ಟೆ. ಜನರೇಟರಿನ ಸದ್ದು ಕುಗ್ಗಿದ್ದೇ ತಡ, ಅತ್ತೆ ಕಣ್ಣು ತೆರೆದು ನನ್ನನ್ನೇ ನೋಡಿದರು. ಆ ಸದ್ದಿನ ಏರಿಳಿತದಲ್ಲಿ ಅವರ ಜೀವ ಇತ್ತು. ಮೂರು ತಾಸಿಗೊಮ್ಮೆ ಪೆಟ್ರೋಲ್ ಹಾಕಲು ಬಂದ್ ಮಾಡುವಾಗಲೂ ಅವರ ತುಟಿ ನೀಲಿಗೆ ತಿರುಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಗಂಡ, ಜನರೇಟರ್ ಕೆಟ್ಟರೆ ಗತಿಯೇನು ಎಂದು ಆಕ್ಸಿಜನ್ ಸಿಲಿಂಡರ್ ತರಲು ಯಾದಗಿರಿಗೆ ಹೋದರು. ಮಧ್ಯಾಹ್ನ ಮೋಡ ಕವಿದು ಗಾಳಿ ಮಳೆ ಒಟ್ಟಿಗೇ ಬಂದವು. ಬಸವರಾಜ ಕಟ್ಟಿದ ತಗಡು ಕಿತ್ತು ಹಾರಿತು. ನೀರು ಜನರೇಟರಿನ ಮೇಲೆ ನೇರವಾಗಿ ಬೀಳತೊಡಗಿತು. ಅದು ಎರಡು ಸಲ ಮುಗ್ಗರಿಸಿತು. ನಾನು ಬಂದ್ ಮಾಡಿ, ಗೋಣಿಚೀಲದ ಮೇಲೆ ಉರುಳಿಸಿ, ನಡುಮನೆಗೆ ತಾಗಿದ ಹಿಂದಿನ ಕೋಣೆಗೆ ಎಳೆದುಕೊಂಡೆ. ಅಷ್ಟರೊಳಗೆ ಅತ್ತೆಯ ಕಣ್ಣು ಮೇಲಾಗಿದ್ದವು. ಪಲ್ಲವಿ "ಆಯಿ, ಆಯಿ" ಎಂದು ಅಜ್ಜಿಯ ಕೈ ತಿಕ್ಕುತ್ತಿದ್ದಳು. ಅಲ್ಲೇ ಹಗ್ಗ ಎಳೆದು ಚಾಲೂ ಮಾಡಿದೆ. ಹಿತ್ತಲ ಬಾಗಿಲು ತೆರೆದೇ ಇಡಬೇಕೆಂದಿದ್ದೆ. ಮಳೆ ಒಳಗೇ ಹೊಡೆಯುತ್ತಿತ್ತು, ಮುಚ್ಚಿದೆ. ಗಾಳಿಗೆ ಬಡಿದುಕೊಳ್ಳುತ್ತದೆಂದು ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಹಾಕಿದೆ. ಸಣ್ಣ ಕಿಟಕಿ ತೆರೆದಿದೆ, ಅರ್ಧ ತಾಸಿನಲ್ಲಿ ಮಳೆ ನಿಲ್ಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ.

ಮಳೆ ನಿಲ್ಲಲಿಲ್ಲ. ಅತ್ತೆಯ ಉಸಿರು ಮಾತ್ರ ಹದಕ್ಕೆ ಬಂತು. ಅವರು ಬೀಳದಿರಲೆಂದು ಇಡುತ್ತಿದ್ದ ಬೆಂಚನ್ನು ಮತ್ತೆ ಮಂಚಕ್ಕೆ ತಾಗಿಸಿಟ್ಟು, ಎದೆಯವರೆಗೆ ಚಾದರ ಹೊದಿಸಿದೆ. ಪಲ್ಲವಿ ತಲೆ ನೋಯುತ್ತದೆ ಎಂದು ಕೆಳಗೆ ಚಾಪೆಯ ಮೇಲೆ ಮಲಗಿದಳು. ನನಗೂ ತಲೆ ಭಾರವಾಗಿತ್ತು. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡು ಬೆಂಚಿನ ತುದಿಗೆ ಕೂತು ಗೋಡೆಗೆ ಒರಗಿದೆ. ಎದ್ದು ಬಾಗಿಲು ತೆಗೆಯಬೇಕು ಎಂಬ ಯೋಚನೆ ಬಂದದ್ದು ನಿಜ. ಅದು ಬೇರೆ ಯಾರಿಗೋ ಹೇಳಿದ ಮಾತಿನಂತೆ ಬಂದು ಹೋಯಿತು.

ಆಮೇಲೆ ದನಿ ಕೇಳಿತು.

"ಟೀಚರಮ್ಮ, ಏಳು. ಕೂಸಿನ್ನ ಹೊರಗ ಕಳಿಸೀನಿ, ನೀನೂ ನಡಿ. ನನ್ನ ಕಡಿ ನೋಡಬ್ಯಾಡ, ಬಾಗಲ ಕಡಿ ನೋಡು."

ಅತ್ತೆಯ ದನಿ. ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲೂ ನಿಲ್ಲದೆ, ಉಸಿರು ಎಳೆಯದೆ, ಖಾನಾವಳಿಯಲ್ಲಿ ಗಿರಾಕಿಗೆ ಕೂಗಿ ಹೇಳುತ್ತಿದ್ದ ಹಾಗೆ ಒಂದೇ ಸಮನೆ ಹೇಳಿದ ಮಾತು. ಅವರು ಹಾಗೆ ಮಾತಾಡಿದ್ದನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಅವರ ಕಡೆ ನೋಡಿದೆನೋ ಇಲ್ಲವೋ ಹೇಳಲಾರೆ. ಅಲ್ಲಿಂದ ಮುಂದೆ ನನಗೆ ಏನೂ ನೆನಪಿಲ್ಲ.

ಎಚ್ಚರವಾದಾಗ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಬಿದ್ದಿದ್ದೆ. ಮುಖದ ಮೇಲೆ ಮಳೆ ಹೊಡೆಯುತ್ತಿತ್ತು. ಶಾಂತಕ್ಕ ಭುಜ ಹಿಡಿದು ಅಲುಗಿಸುತ್ತಿದ್ದಳು. ಜನರೇಟರಿನ ಸದ್ದು ನಿಂತು, ಆಕ್ಸಿಜನ್ ಯಂತ್ರ ಕರೆಂಟ್ ಹೋದಾಗ ಕೂಗುವಂತೆ ಕೂಗುವುದು ಕೇಳಿ ಹೊರಬಂದಳಂತೆ. ಪಲ್ಲವಿ ಅವಳ ಮನೆ ಮೆಟ್ಟಿಲ ಮೇಲೆ ನೆನೆದು ತೊಪ್ಪೆಯಾಗಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು.

ಶಾಂತಕ್ಕನ ಹಿಂದೆ ಗೋಡೆ ಹಿಡಿದುಕೊಂಡು ಒಳಗೆ ಹೋದೆ. ಹಿತ್ತಲ ಬಾಗಿಲು ಪೂರ್ತಿ ತೆರೆದಿತ್ತು, ಎರಡೂ ಚಿಲಕ ಸರಿದಿದ್ದವು. ಹಿಂದಿನ ಕೋಣೆಯ ತುಂಬ ಮಳೆ ನೀರು. ಜನರೇಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇತ್ತು. ಅದರ ಸ್ವಿಚ್ಚನ್ನು ಯಾರೋ ತಿರುಗಿಸಿ ಬಂದ್ ಮಾಡಿದ್ದರು. ಅತ್ತೆ ನಡುಮನೆಯ ಮಂಚದ ಮೇಲೆ ನೇರವಾಗಿ ಮಲಗಿದ್ದರು. ಕೊಳವೆ ಮೂಗಿನಲ್ಲೇ ಇತ್ತು, ಚಾದರ ನಾನು ಹೊದಿಸಿದಂತೆಯೇ ಎದೆಯವರೆಗೆ, ಬೆಂಚು ಮಂಚಕ್ಕೆ ತಾಗಿಯೇ ಇತ್ತು. ಪಾದ ಮುಟ್ಟಿ ನೋಡಿದೆ. ಒಣಗಿದ್ದವು. ಸೀರೆಯ ಅಂಚೂ ಒಣಗಿತ್ತು. ಜೀವ ಇರಲಿಲ್ಲ. ಯಂತ್ರ ಕೂಗುತ್ತಲೇ ಇತ್ತು. ಅದನ್ನು ಹೇಗೆ ನಿಲ್ಲಿಸಬೇಕೆಂದು ಆ ಹೊತ್ತಿಗೆ ನನಗೆ ತಿಳಿಯಲಿಲ್ಲ.

ಶಾಂತಕ್ಕ ಮಗುವಿನ ತಲೆ ಒರೆಸುತ್ತ, ಹೊರಗೆ ಹೇಗೆ ಬಂದೆ ಎಂದು ಕೇಳಿದಳು. ಪಲ್ಲವಿ ಅವಳನ್ನು ದೊಡ್ಡವ್ವ ಎನ್ನುತ್ತಿದ್ದಳು.

"ಆಯಿ ಎಬ್ಬಿಸಿದಳು. ಕೈ ಹಿಡಕೊಂಡು ಬಾಗಲ ತನಕ ಬಂದಳು. ದೊಡ್ಡವ್ವನ ಮನಿಗಿ ಹೋಗು ಅಂದಳು."

ಶಾಂತಕ್ಕ ನನ್ನ ಮುಖ ನೋಡಿದಳು. ನಾನು ಕೇಳಿದ ದನಿಯ ವಿಷಯ ಆಗಿನ್ನೂ ಯಾರಿಗೂ ಹೇಳಿರಲಿಲ್ಲ.

ಸಂಜೆ ಗಂಡ ಟೆಂಪೊದಲ್ಲಿ ಸಿಲಿಂಡರ್ ತಂದರು. ಬಾಗಿಲಲ್ಲಿ ಜನ ನಿಂತದ್ದು ನೋಡಿ ಅವರಿಗೆ ಗೊತ್ತಾಗಿಬಿಟ್ಟಿತು. ಎಷ್ಟೋ ಹೊತ್ತು ಇಳಿಯದೆ, ಸಿಲಿಂಡರಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದರು. ಆಮೇಲೆ ಒಳಗೆ ಬಂದು ತಾಯಿಯನ್ನು ನೋಡಿ, ಹಿಂದಿನ ಕೋಣೆಗೆ ಹೋಗಿ ಬಂದು, ಒಂದೇ ಮಾತು ಕೇಳಿದರು.

"ಜನರೇಟರ್ ಯಾರು ಬಂದ್ ಮಾಡಿದ್ರು?"

"ಗೊತ್ತಿಲ್ರಿ," ಎಂದೆ.

ಒಳಗೆ ಯಾರು ತಂದರು ಎಂದು ಕೇಳಲಿಲ್ಲ. ಇಂದಿಗೂ ಕೇಳಿಲ್ಲ.

ನನ್ನನ್ನೂ ಮಗುವನ್ನೂ ಪರೀಕ್ಷೆ ಮಾಡಿದ ಡಾಕ್ಟರಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ನೀವೇ ಬಂದ್ ಮಾಡಿರ್ತೀರಿ ಮೇಡಂ. ಈ ಹೊಗಿ ತಲಿಗೇರಿದ್ರ ಏನ್ ಮಾಡೀವಿ ಅನ್ನೂದು ನೆನಪಿರಂಗಿಲ್ಲ. ಛಲೋನೇ ಮಾಡೀರಿ, ಕೂಸು ಉಳೀತು," ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಆ ಮಾತಿನ ಇನ್ನೊಂದು ಅರ್ಧ ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ನುಂಗಿಕೊಂಡರೋ. ಸ್ವಿಚ್ ತಿರುಗಿಸಿದವಳು ನಾನಾದರೆ ಅತ್ತೆಯ ಗಾಳಿ ಕಡಿದವಳೂ ನಾನೇ. ಮಗುವನ್ನು ಹೊರಗೆ ಬಿಟ್ಟು, ನಾನೂ ಹೊರಗೆ ಹೋಗಿ, ಅವರನ್ನು ಒಳಗೆ ಬಿಟ್ಟವಳು. ಅತ್ತೆ ಅದಕ್ಕೂ ಮೊದಲೇ ತೀರಿಹೋಗಿದ್ದರು ಎನ್ನುವುದಾದರೆ, ಆ ದನಿ ಯಾರದು? ನನ್ನ ಬಟ್ಟೆ ಒದ್ದೆಯಾಗಿತ್ತು, ನಿಜ. ಅದು ಹಿಂದಿನ ಕೋಣೆಯ ನೀರೋ ಕಟ್ಟೆಯ ಮೇಲಿನ ಮಳೆಯೋ ಗುರುತಿಸುವ ಬಗೆ ಇರಲಿಲ್ಲ.

ಗಂಡ ನೆಂಟರಿಗೆಲ್ಲ, ಅವ್ವನೇ ಎದ್ದು ಮೊಮ್ಮಗಳನ್ನು ಉಳಿಸಿ ಹೋದಳು ಎಂದೇ ಹೇಳುತ್ತಾರೆ. ಅವರು ಅದನ್ನು ನಂಬುತ್ತಾರೋ, ನನಗಾಗಿ ಹಾಗೆ ಹೇಳುತ್ತಾರೋ ತಿಳಿಯದು. ಬಸವರಾಜ ಜನರೇಟರ್ ಒಯ್ಯಲು ಬಂದಾಗ ನನ್ನ ಮುಖ ನೋಡಲಿಲ್ಲ. ಐದು ತಿಂಗಳು ಏಳದ ಹೆಂಗಸು ಏಳಲಾರಳು ಎಂದು ನನ್ನ ಓದು ಹೇಳುತ್ತದೆ. ಒಣಗಿದ ಆ ಪಾದಗಳೂ ಅದನ್ನೇ ಹೇಳುತ್ತವೆ. ಆದರೆ ಏಳು ವರ್ಷದ ಮಗು, ಯಾರೂ ಹೇಳಿಕೊಡದೆ, ನಾನು ಬಾಯಿ ಬಿಡುವ ಮೊದಲೇ ಅದೇ ಹೆಸರು ಹೇಳಿತು.

ಪಲ್ಲವಿ ಈಗ ಒಂಬತ್ತನೆಯ ತರಗತಿ. ನನ್ನ ಶಾಲೆಯಲ್ಲೇ ಓದುತ್ತಾಳೆ. ಇಷ್ಟು ವರ್ಷ ನಾನು ಅವಳಲ್ಲಿ ಆ ಮಾತು ತೆಗೆದಿರಲಿಲ್ಲ. ಹೋದ ತಿಂಗಳು ಒಂದು ಸಂಜೆ, ಇಬ್ಬರೇ ಕಾಯಿಪಲ್ಲೆ ಹೆಚ್ಚುತ್ತ ಕೂತಿದ್ದಾಗ, ಆ ದಿನ ಆಯಿ ನಿನ್ನನ್ನು ಹೇಗೆ ಎಬ್ಬಿಸಿದಳು, ನೆನಪಿದೆಯಾ ಎಂದು ಕೇಳಿಬಿಟ್ಟೆ. ಅವಳು ಕೈಕೆಲಸ ನಿಲ್ಲಿಸಿ ನನ್ನನ್ನು ನೋಡಿದಳು.

"ಆಯಿ ಎಲ್ಲಿ ಎಬ್ಬಿಸಿದಳು? ನೀನೇ ಅಲ್ಲೇನವ್ವ ನನ್ನ ಕೈ ಹಿಡಕೊಂಡು ಹೊರಗ ತಂದಾಕಿ?"

ಆ ದಿನ ನೀನು ಬೇರೆ ಹೇಳಿದ್ದೆ ಎಂದೆ. ತಾನು ಹಾಗೆ ಹೇಳಿದ್ದೇ ಅವಳಿಗೆ ನೆನಪಿಲ್ಲ. ಹಿಡಿದ ಕೈ ಮಾತ್ರ ಚೆನ್ನಾಗಿ ನೆನಪಿದೆಯಂತೆ, ಬಿಗಿಯಾಗಿ ಹಿಡಿದಿತ್ತಂತೆ. ನೀನೇ ಅಲ್ಲೇನು ಎಂದು ಮತ್ತೊಮ್ಮೆ ಕೇಳಿದಳು. ಹೌದು ಎಂದರೆ ಸ್ವಿಚ್ ತಿರುಗಿಸಿದ ಕೈಯೂ ನನ್ನದೇ ಆಗುತ್ತದೆ. ಅಲ್ಲ ಎಂದರೆ ಆ ಕೈ ಯಾರದೆಂದು ನಾನೇ ಹೇಳಬೇಕಾಗುತ್ತದೆ.